ವ್ಯಾಯಾಮ ಮತ್ತು ಹೃದಯ: ಹಠಾತ್ ಮರಣವನ್ನು ತಡೆಯುವ ಬಗೆ

2021ನೆಯ ಇಸವಿಯ ಅಕ್ಟೋಬರ್ 29ರಂದು ಕನ್ನಡದ ಜನಪ್ರಿಯ ನಟ ಪುನೀತ್ ರಾಜ್‌ಕುಮಾರ್ ಅವರು ಬೆಂಗಳೂರಿನಲ್ಲಿ ನಿಧನರಾದರು. ಅಂದು ಬೆಳಿಗ್ಗೆ ಅವರು ಎಂದಿನಂತೆ ವ್ಯಾಯಾಮ ಮಾಡಿದ್ದರು. ಅನಂತರ ಅಸ್ವಸ್ಥತೆ ಕಾಣಿಸಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮುಗಿದುಹೋಗಿತ್ತು. ಅವರಿಗೆ ಆಗ 46 ವರ್ಷ. ಆ ವಾರಗಳಲ್ಲಿ ಹೃದಯದ ತಪಾಸಣೆಗಾಗಿ ಬೆಂಗಳೂರಿನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತವರು ಅನೇಕರು. ವ್ಯಾಯಾಮಶಾಲೆಯ ಕಡೆ ಮುಖ ಹಾಕುವುದನ್ನೇ ಬಿಟ್ಟವರೂ ಉಂಟು.

ಆ ದಿನಗಳಲ್ಲಿ ಕನ್ನಡಿಗರ ಮನೆಗಳಲ್ಲಿ ಕೇಳಿಬಂದ ಮಾತು ಎರಡು ಬಗೆಯದು. “ಅಷ್ಟು ಗಟ್ಟಿಮುಟ್ಟಾದವರಿಗೇ ಹೀಗಾದರೆ ವ್ಯಾಯಾಮದಿಂದ ಪ್ರಯೋಜನವೇನು?” ಎಂಬುದು ಒಂದು. “ಹಣೆಬರಹ, ತಪ್ಪಿಸುವವರು ಯಾರು?” ಎಂಬುದು ಇನ್ನೊಂದು. ವೈದ್ಯಶಾಸ್ತ್ರವು ಇವೆರಡನ್ನೂ ಒಪ್ಪುವುದಿಲ್ಲ. ವ್ಯಾಯಾಮವು ಹೃದಯದ ಮಿತ್ರನೇ ಸರಿ. ಆದರೆ ರೋಗವನ್ನು ಒಡಲಲ್ಲಿ ಅಡಗಿಸಿಕೊಂಡ ಹೃದಯಕ್ಕೆ, ಅಥವಾ ಶ್ರಮದ ಅಭ್ಯಾಸವೇ ಇಲ್ಲದ ಹೃದಯಕ್ಕೆ, ಅಕಸ್ಮಾತ್ತಾಗಿ ಒದಗುವ ತೀವ್ರ ಶ್ರಮ ಅಪಾಯಕರವಾದುದು. ಈ ಅಪಾಯವನ್ನು ಅನೇಕ ವೇಳೆ ಮುಂಚಿತವಾಗಿ ಗುರುತಿಸಬಹುದು. ಗುರುತಿಸಲಾಗದ ಕಡೆಯೂ ಸುತ್ತಲಿನವರು ತಿಳಿದವರಾಗಿದ್ದರೆ ಜೀವವನ್ನು ಉಳಿಸಿಕೊಳ್ಳಬಹುದು.

ಹೊರನಾಡಿನ ಕನ್ನಡಿಗರಿಗೆ ಈ ವಿಷಯವು ವಿಶೇಷವಾಗಿ ಸಲ್ಲುತ್ತದೆ. ಡೊಂಬಿವಲಿಯಲ್ಲಿ ಮನೆ, ಚರ್ಚ್‌ಗೇಟಿನಲ್ಲಿ ಕಚೇರಿ. ಪಿಂಪ್ರಿಯಲ್ಲಿ ಪಾಳಿಯ ಕೆಲಸ. ದಿಲ್ಲಿಯಲ್ಲಿ ಎರಡು ಗಂಟೆಯ ಬಸ್ ಪ್ರಯಾಣ. ಮುಂಜಾನೆ ಹೊರಟವರು ರಾತ್ರಿ ಮನೆ ಸೇರುವ ಈ ಜೀವನದಲ್ಲಿ ನಿತ್ಯದ ವ್ಯಾಯಾಮಕ್ಕೆ ವೇಳೆ ಎಲ್ಲಿಯದು? ಹೀಗೆ ಹನ್ನೊಂದು ತಿಂಗಳು ಕುಳಿತೇ ಕಳೆದ ದೇಹವು ಸಂಘದ ವಾರ್ಷಿಕ ಕ್ರೀಡಾಕೂಟದ ದಿನ ಒಮ್ಮೆಲೇ ಹಗ್ಗಜಗ್ಗಾಟಕ್ಕೆ, ಕಬಡ್ಡಿಗೆ, ನೂರು ಮೀಟರ್ ಓಟಕ್ಕೆ ಇಳಿಯುತ್ತದೆ. ಊರಿನ ಹೈಸ್ಕೂಲು ಮೈದಾನದಲ್ಲಿ ಓಡಿದ ನೆನಪು ಮನಸ್ಸಿಗೆ ಹಸಿರಾಗಿರುತ್ತದೆ. ಹೃದಯ ಮಾತ್ರ ಆ ಅಭ್ಯಾಸವನ್ನು ಎಂದೋ ಮರೆತಿರುತ್ತದೆ.

ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ

ಹೃದಯವು ಮುಷ್ಟಿಯ ಗಾತ್ರದ, ಸ್ನಾಯುವಿನಿಂದಾದ ಅಂಗ. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುವ ಈ ಪಂಪು, ದೇಹವು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹರಿಸುತ್ತದೆ. ತೀವ್ರವಾಗಿ ಓಡುವಾಗ ಇದು ನಾಲ್ಕೈದು ಪಟ್ಟು ಹೆಚ್ಚಬಹುದು. ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವ ನಾಳಗಳಿಗೆ ಕರೋನರಿ ಧಮನಿಗಳೆಂದು ಹೆಸರು. ಮಿಡಿತ ಮಿಡಿತದ ನಡುವಿನ ಬಿಡುವಿನಲ್ಲಿಯೇ ಈ ಧಮನಿಗಳಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಮಿಡಿತದ ವೇಗ ಹೆಚ್ಚಿದಂತೆ ಬಿಡುವು ಕಿರಿದಾಗುತ್ತದೆ, ಬೇಡಿಕೆಯಾದರೋ ಏರುತ್ತಲೇ ಇರುತ್ತದೆ. ಧಮನಿ ಸಪೂರಾಗಿದ್ದರೆ ಕೊರತೆ ಕಾಣಿಸಿಕೊಳ್ಳುವುದು ಇಂಥ ಗಳಿಗೆಯಲ್ಲಿ.

ಧಮನಿಯೊಳಗೆ ವರ್ಷಾನುಗಟ್ಟಲೆ ಶೇಖರವಾದ ಕೊಬ್ಬಿನ ಪದರ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಹರಿವು ನಿಂತುಹೋದರೆ ಅದು ಹೃದಯಾಘಾತ. ಕಾಲುವೆ ಕಟ್ಟಿ ಗದ್ದೆ ಒಣಗಿದಂತೆ. ರೋಗಿಗೆ ಎದೆನೋವು ಬರುತ್ತದೆ, ಬೆವರು ಕಿತ್ತುಬರುತ್ತದೆ, ಆದರೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ. ಆಸ್ಪತ್ರೆ ಸೇರಲು ಸಮಯವಿರುತ್ತದೆ. ಹೃದಯಸ್ತಂಭನವಾದರೋ ವಿದ್ಯುತ್ತಿಗೆ ಸಂಬಂಧಪಟ್ಟ ವಿಪತ್ತು. ಹೃದಯದ ಮಿಡಿತವನ್ನು ನಡೆಸುವ ಸೂಕ್ಷ್ಮ ವಿದ್ಯುತ್ ಸಂಕೇತಗಳು ದಿಕ್ಕುತಪ್ಪಿ, ಹೃದಯದ ಕೆಳಕೋಣೆಗಳು ಮಿಡಿಯುವ ಬದಲು ಸುಮ್ಮನೆ ಅದುರತೊಡಗುತ್ತವೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಕ್ಷಣಗಳಲ್ಲಿ ಮನುಷ್ಯ ಎಚ್ಚರತಪ್ಪಿ ಬೀಳುತ್ತಾನೆ. ನಾಲ್ಕಾರು ನಿಮಿಷ ಕಳೆದರೆ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಹೃದಯಾಘಾತವು ಹೃದಯಸ್ತಂಭನಕ್ಕೆ ಎಡೆಮಾಡಿಕೊಡಬಹುದು. ಆಘಾತವಿಲ್ಲದೆಯೂ ಸ್ತಂಭನ ಸಂಭವಿಸಬಹುದು. ಆಟದ ಮೈದಾನದ ಹಠಾತ್ ಮರಣಗಳಲ್ಲಿ ಹೆಚ್ಚಿನವು ಈ ಸ್ತಂಭನದ ಫಲ.

ಮೂವತ್ತೈದರ ಗೆರೆ

ತಜ್ಞರು ಇಂಥ ಮರಣಗಳನ್ನು ಸುಮಾರು 35 ವರ್ಷದ ಗೆರೆ ಎಳೆದು ಎರಡು ಗುಂಪು ಮಾಡುತ್ತಾರೆ. ಗೆರೆಯ ಈಚೆಗಿರುವ ಎಳೆಯರಲ್ಲಿ ಕಾರಣವು ಬಹುಪಾಲು ಹುಟ್ಟಿನಿಂದ ಅಥವಾ ವಂಶದಿಂದ ಬಂದ ದೋಷ. ಹೃದಯದ ಸ್ನಾಯು ಅಸಹಜವಾಗಿ ದಪ್ಪಗಾಗುವ ಒಂದು ಆನುವಂಶಿಕ ಸ್ಥಿತಿಯು ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆಂದು ಅಂದಾಜು. 2003ರ ಜೂನ್ 26ರಂದು ಫ್ರಾನ್ಸಿನ ಲಿಯೋನ್ ನಗರದಲ್ಲಿ ಕೊಲಂಬಿಯದ ವಿರುದ್ಧ ಆಡುತ್ತಿದ್ದಾಗ ಕುಸಿದು ಮೃತನಾದ ಕ್ಯಾಮರೂನಿನ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋಗೆ ಇದೇ ದೋಷವಿತ್ತೆಂದು ಶವಪರೀಕ್ಷೆಯಿಂದ ತಿಳಿಯಿತು. ಅವನಿಗೆ 28 ವರ್ಷ. ಕರೋನರಿ ಧಮನಿಯು ತಪ್ಪು ಜಾಗದಿಂದ ಹುಟ್ಟಿರುವುದು, ವಿದ್ಯುತ್ ಲಯದ ಜನ್ಮಜಾತ ದೋಷ, ವೈರಸ್ ಜ್ವರದ ಬಳಿಕ ಹೃದಯದ ಸ್ನಾಯುವಿಗೆ ತಗಲುವ ಉರಿಯೂತ, ಇವು ಇತರ ಕಾರಣಗಳು. ನಿರ್ದಿಷ್ಟವಾದೊಂದು ಕ್ಷಣದಲ್ಲಿ ಎದೆಯ ಮೇಲೆ ಬಿದ್ದ ಬಲವಾದ ಪೆಟ್ಟಿನಿಂದಲೂ ಸ್ತಂಭನ ಆಗಬಹುದು.

ಗೆರೆಯ ಆಚೆಗಿನ ಮಧ್ಯವಯಸ್ಕರಲ್ಲಿ ಮುಖ್ಯ ಅಪರಾಧಿ ಒಂದೇ: ಕರೋನರಿ ಧಮನಿಗಳ ರೋಗ. ಭಾರತೀಯರಿಗೆ ಇಲ್ಲಿ ಒಂದು ಎಚ್ಚರಿಕೆ ಉಂಟು. 52 ರಾಷ್ಟ್ರಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತವು ಇತರ ದೇಶದವರಿಗಿಂತ ದಕ್ಷಿಣ ಏಷ್ಯದವರಿಗೆ ಸುಮಾರು ಐದಾರು ವರ್ಷ ಮೊದಲೇ, ಸರಾಸರಿ 53ನೆಯ ವಯಸ್ಸಿನಲ್ಲಿ ಬರುತ್ತದೆ. ನಲವತ್ತರ ಭಾರತೀಯನು ತಾನಿನ್ನೂ ಹುಡುಗನೆಂದು ಭಾವಿಸುವುದು ಮನಸ್ಸಿಗೆ ಹಿತ; ಧಮನಿಗಳ ಲೆಕ್ಕದಲ್ಲಿ ಅದು ನಿಜವಲ್ಲ.

ವ್ಯಾಯಾಮವೇ ಕೊಲ್ಲುವುದೇ?

ಅಮೆರಿಕದಲ್ಲಿ ಜನಸಾಮಾನ್ಯರಿಗೆ ಓಟದ ಹುಚ್ಚು ಹಿಡಿಸಿದವರಲ್ಲಿ ಜಿಮ್ ಫಿಕ್ಸ್ ಪ್ರಮುಖ. 1977ರಲ್ಲಿ ಪ್ರಕಟವಾದ ಅವನ ಓಟದ ಪುಸ್ತಕ ಲಕ್ಷಗಟ್ಟಲೆ ಪ್ರತಿಗಳು ಖರ್ಚಾದವು. 1984ರ ಜುಲೈ 20ರಂದು, ತನ್ನ 52ನೆಯ ವಯಸ್ಸಿನಲ್ಲಿ, ವರ್ಮಾಂಟ್ ರಾಜ್ಯದ ರಸ್ತೆಯೊಂದರಲ್ಲಿ ಓಡುತ್ತಿದ್ದಾಗಲೇ ಅವನು ಕುಸಿದು ಸತ್ತ. ಓಟದ ವಿರೋಧಿಗಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಶವಪರೀಕ್ಷೆಯಲ್ಲಿ ಅವನ ಕರೋನರಿ ಧಮನಿಗಳು ಬಹಳವಾಗಿ ಕಟ್ಟಿಕೊಂಡಿದ್ದುದು ಕಂಡುಬಂತು. ಅವನ ತಂದೆ 43ನೆಯ ವಯಸ್ಸಿನಲ್ಲಿಯೇ ಹೃದ್ರೋಗದಿಂದ ತೀರಿಕೊಂಡಿದ್ದರು. ಓಟ ಆರಂಭಿಸುವ ಮೊದಲು ಫಿಕ್ಸ್ ಸ್ಥೂಲಕಾಯನಾಗಿದ್ದ. ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದುತ್ತಿದ್ದ. ಓಟವು ಅವನಿಗೆ ತಂದೆಗಿಂತ ಒಂಬತ್ತು ವರ್ಷ ಹೆಚ್ಚಿನ ಆಯುಸ್ಸನ್ನು ಕೊಟ್ಟಿತೆಂದು ಹೇಳುವವರೂ ಇದ್ದಾರೆ. ಓಟಗಾರನಿಗೆ ರೋಗವೇ ತಟ್ಟದೆಂಬ ನಂಬಿಕೆ ಮಾತ್ರ ಅಂದು ಮುರಿದುಬಿತ್ತು.

ಅಂಕಿ ಅಂಶಗಳು ಈ ವಿಷಯವನ್ನು ಇನ್ನೂ ಸ್ಪಷ್ಟಗೊಳಿಸುತ್ತವೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯ ಲಂಡನ್ನಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದ. ಮುಂಬಯಿಗರಿಗೆ ಪರಿಚಿತವಾದ ಎರಡಂತಸ್ತಿನ ಬಸ್ಸುಗಳೇ ಅವು. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ, ಕುಳಿತೇ ಇರುವ ಡ್ರೈವರುಗಳಿಗಿಂತ ಹೃದ್ರೋಗ ಕಡಿಮೆಯಿತ್ತು. 1984ರಲ್ಲಿ ಅಮೆರಿಕದ ಸಿಯಾಟಲ್ ನಗರದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಶ್ರಮದ ಅಭ್ಯಾಸವೇ ಇಲ್ಲದ ಪುರುಷರಿಗೆ ತೀವ್ರ ವ್ಯಾಯಾಮದ ಹೊತ್ತಿನಲ್ಲಿ ಹೃದಯಸ್ತಂಭನದ ಅಪಾಯ ಇತರ ಹೊತ್ತಿಗಿಂತ 56 ಪಟ್ಟು ಹೆಚ್ಚಿತ್ತು. ನಿಯಮಿತವಾಗಿ ಶ್ರಮಿಸುವವರಲ್ಲಿ ಆ ಹೆಚ್ಚಳ 5 ಪಟ್ಟು ಮಾತ್ರ. ದಿನದ ಒಟ್ಟು ಅಪಾಯವನ್ನು ಲೆಕ್ಕ ಹಾಕಿದರೆ, ನಿಯಮಿತ ವ್ಯಾಯಾಮಿಗಳಿಗೆ ಅದು ಸೋಮಾರಿಗಳ ಅಪಾಯದ ಶೇಕಡಾ 40ರಷ್ಟು ಮಾತ್ರವಾಗಿತ್ತು. 1993ರಲ್ಲಿ 1,228 ಹೃದಯಾಘಾತದ ರೋಗಿಗಳನ್ನು ಕುರಿತು ನಡೆದ ಅಧ್ಯಯನವೂ ಇದನ್ನೇ ಹೇಳಿತು: ಕಠಿಣ ಶ್ರಮದ ಮುಂದಿನ ಒಂದು ಗಂಟೆಯಲ್ಲಿ ಕುಳಿತು ಬಾಳುವವರ ಅಪಾಯ 107 ಪಟ್ಟು ಏರಿದರೆ, ವಾರಕ್ಕೆ ಐದು ಅಥವಾ ಹೆಚ್ಚು ದಿನ ಶ್ರಮಿಸುವವರದು 2.4 ಪಟ್ಟು ಮಾತ್ರ ಏರಿತು.

ಹಾಗೆಂದು ಗಾಬರಿ ಪಡಬೇಕಾದುದಿಲ್ಲ. 2000ದಿಂದ 2010ರವರೆಗೆ ಅಮೆರಿಕದಲ್ಲಿ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯಲ್ಲಿ ಹೃದಯಸ್ತಂಭನವಾದದ್ದು 59 ಜನರಿಗೆ. ಅಂದರೆ 1 ಲಕ್ಷ 84 ಸಾವಿರ ಮಂದಿಗೆ ಒಬ್ಬರು. ಆದರೆ ಆ 59 ಮಂದಿಯಲ್ಲಿ 42 ಜನ ಬದುಕಲಿಲ್ಲ. ವ್ಯಾಯಾಮವು ಆ ಒಂದು ಗಂಟೆಯ ಅಪಾಯವನ್ನು ತುಸು ಹೆಚ್ಚಿಸಿ, ಉಳಿದ ಇಪ್ಪತ್ತಮೂರು ಗಂಟೆಗಳ ಅಪಾಯವನ್ನು ಬಹಳವಾಗಿ ತಗ್ಗಿಸುತ್ತದೆ. ನಷ್ಟವಾಗುವುದು ವರ್ಷಕ್ಕೊಮ್ಮೆ ವೀರಾವೇಶದಿಂದ ಮೈದಾನಕ್ಕಿಳಿಯುವವನಿಗೆ. ಅವನನ್ನು ಕಾಯಲು ಮೂರು ಬೇಲಿಗಳಿವೆ.

ಮೊದಲನೆಯ ಬೇಲಿ: ಮನೆತನದ ಚರಿತ್ರೆ ಮತ್ತು ತಪಾಸಣೆ

ಹೃದಯದ ಅನೇಕ ದೋಷಗಳು ವಂಶದಲ್ಲಿ ಹರಿದುಬರುವುದರಿಂದ ವೈದ್ಯರ ಮೊದಲ ಪ್ರಶ್ನೆ ಕುಟುಂಬವನ್ನು ಕುರಿತದ್ದು. ರಕ್ತಸಂಬಂಧಿಗಳಲ್ಲಿ ಯಾರಾದರೂ 50 ವರ್ಷದೊಳಗೆ ಹಠಾತ್ತಾಗಿ ಸತ್ತಿದ್ದಾರೆಯೇ? ತಂದೆ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ತಾಯಿ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮೊದಲು ಹೃದ್ರೋಗ ಬಂದಿದೆಯೇ?

ವಲಸೆ ಬಂದ ಕುಟುಂಬಗಳಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುವುದು ಕಷ್ಟ. ಚರಿತ್ರೆಯೆಲ್ಲ ಊರಿನಲ್ಲಿ ಉಳಿದುಹೋಗಿರುತ್ತದೆ. ಮುಂಬಯಿಯಲ್ಲಿ ಹುಟ್ಟಿದ ಮಗನಿಗೆ ಅಜ್ಜ ‘ಬೇಗ ಹೋದರು’ ಎಂದಷ್ಟೇ ಗೊತ್ತು. ಗದ್ದೆಯ ಬದುವಿನ ಮೇಲೆ ಕುಸಿದವರನ್ನು ‘ಗಾಳಿ ಸೋಕಿತು’ ಎಂದರು; ಕೆರೆಯಲ್ಲಿ ಈಜುತ್ತ ಮುಳುಗಿದ ಚಿಕ್ಕಪ್ಪನಿಗೆ ‘ಕಾಲು ಸೆಳೆಯಿತು’ ಎಂದರು; ಮದುವೆ ಮನೆಯಲ್ಲಿ ಮೂರ್ಛೆ ಹೋದ ಸೋದರತ್ತೆಗೆ ‘ಪಿತ್ತ’ ಎಂದರು. ಇಂಥ ಒಂದೊಂದು ಮಾತಿನ ಹಿಂದೆಯೂ ಹೃದಯದ ದೋಷವೊಂದು ಅಡಗಿರಬಹುದು. ಚೆನ್ನಾಗಿ ಈಜು ಬಲ್ಲ ಯುವಕ ಕಾರಣವಿಲ್ಲದೆ ಮುಳುಗಿದನೆಂದರೆ, ವಿದ್ಯುತ್ ಲಯದ ಆನುವಂಶಿಕ ದೋಷವಿತ್ತೇ ಎಂದು ವೈದ್ಯರು ವಿಚಾರಿಸುವುದುಂಟು. ಆದುದರಿಂದ ಜಾತ್ರೆಗೋ ಬೇಸಿಗೆ ರಜೆಗೋ ಊರಿಗೆ ಹೋದಾಗ, ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೇಳಿ, ಎರಡು ತಲೆಮಾರಿನಲ್ಲಿ ಯಾರು ಯಾವ ವಯಸ್ಸಿನಲ್ಲಿ ಹೇಗೆ ತೀರಿಕೊಂಡರೆಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಖರ್ಚಿಲ್ಲದ ಪರೀಕ್ಷೆ ಇದು. ಹೇಳಬಲ್ಲ ಹಿರಿಯರು ಇರುವಷ್ಟು ದಿನ ಮಾತ್ರ ಇದಕ್ಕೆ ಅವಕಾಶ.

ಇನ್ನು ತಪಾಸಣೆಯ ಮಾತು. ಇಟಲಿಯಲ್ಲಿ 1982ರಿಂದ ಸ್ಪರ್ಧಾತ್ಮಕ ಕ್ರೀಡಾಪಟುಗಳಿಗೆಲ್ಲ ಇ.ಸಿ.ಜಿ. ಸಹಿತವಾದ ತಪಾಸಣೆ ಕಡ್ಡಾಯ. ಆ ದೇಶದ ವೆನೆಟೊ ಪ್ರಾಂತದಲ್ಲಿ ಯುವ ಕ್ರೀಡಾಪಟುಗಳ ಹಠಾತ್ ಮರಣವು ವರ್ಷಕ್ಕೆ ಲಕ್ಷಕ್ಕೆ 3.6ರಿಂದ 0.4ಕ್ಕೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು. 1997ರಲ್ಲಿ ಇಂಥದೇ ಕಾನೂನು ತಂದ ಇಸ್ರೇಲಿನಲ್ಲಿ ಅಂಥ ಇಳಿಕೆ ಕಾಣಲಿಲ್ಲವೆಂದು 2011ರ ಅಧ್ಯಯನ ಹೇಳಿತು. ಎಲ್ಲರಿಗೂ ಇ.ಸಿ.ಜಿ. ಬೇಕೇ ಎಂಬುದರಲ್ಲಿ ತಜ್ಞರಿಗೆ ಈಗಲೂ ಭಿನ್ನಾಭಿಪ್ರಾಯವಿದೆ. ಕುಟುಂಬದ ಚರಿತ್ರೆ, ಶ್ರಮದ ವೇಳೆಯ ಲಕ್ಷಣಗಳು, ರಕ್ತದೊತ್ತಡ, ಎದೆಯ ಸದ್ದು, ಇವನ್ನು ವೈದ್ಯರು ನೋಡಬೇಕೆಂಬುದರಲ್ಲಿ ಮಾತ್ರ ಎಲ್ಲರದೂ ಒಮ್ಮತ.

ಸಾಮಾನ್ಯ ಗೃಹಸ್ಥರು ಅನುಸರಿಸಬಹುದಾದ ನಿಯಮ ಸರಳವಾದುದು. ಯಾವ ಲಕ್ಷಣವೂ ಇಲ್ಲದವರು ನಡಿಗೆ ಆರಂಭಿಸಲು ಯಾವ ಪರೀಕ್ಷೆಯೂ ಬೇಡ. ಚಪ್ಪಲಿ ಮೆಟ್ಟಿ ಹೊರಟರೆ ಸಾಕು. ಈಗಾಗಲೇ ಹೃದ್ರೋಗ, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ರೋಗ ಇರುವವರು, ಎದೆಯಲ್ಲಿ ಏನಾದರೂ ತೊಂದರೆ ಕಂಡವರು, ಮನೆತನದಲ್ಲಿ ಅಕಾಲ ಮರಣ ಇದ್ದವರು, ನಲವತ್ತು ದಾಟಿದ ಮೇಲೆ ಹೊಸದಾಗಿ ಓಟ, ಭಾರ ಎತ್ತುವಿಕೆ ಮೊದಲಾದ ತೀವ್ರ ಶ್ರಮಕ್ಕೆ ಇಳಿಯುವವರು ಮೊದಲು ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿ, ಅಗತ್ಯವೆನಿಸಿದರೆ ಅವರೇ ಇ.ಸಿ.ಜಿ., ಎಕೋ, ಟ್ರೆಡ್‌ಮಿಲ್ ಪರೀಕ್ಷೆಗಳನ್ನು ಸೂಚಿಸುತ್ತಾರೆ. ಇಲ್ಲಿ ಒಂದು ಭ್ರಮೆಯನ್ನು ಬಿಡಬೇಕು. ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿದ್ದ ಮಾತ್ರಕ್ಕೆ ಧಮನಿಗಳು ಶುದ್ಧವೆಂದು ಅರ್ಥವಾಗದು. ಟ್ರೆಡ್‌ಮಿಲ್ ಪರೀಕ್ಷೆ ಕೂಡ, ಹರಿವಿಗೆ ಅಷ್ಟಾಗಿ ಅಡ್ಡಬರದ ಕೊಬ್ಬಿನ ಪದರವನ್ನು ಗುರುತಿಸಲಾರದು. ಬಿರಿಯುವುದು ಅಂಥ ಪದರವೂ ಆಗಬಹುದು. ಪರೀಕ್ಷೆಯ ಕಾಗದ ಕೈಯಲ್ಲಿದ್ದರೂ ದೇಹದ ಮಾತಿಗೆ ಕಿವಿಗೊಡಬೇಕು.

ಎರಡನೆಯ ಬೇಲಿ: ಮಿತಿ ಮತ್ತು ಕ್ರಮ

ಕನ್ನಡ ನಾಡಿನ ಗರಡಿಮನೆಗಳಲ್ಲಿ ಹೊಸ ಹುಡುಗನನ್ನು ಮೊದಲ ದಿನವೇ ಕುಸ್ತಿಯ ಮಟ್ಟಿಗೆ ಇಳಿಸುತ್ತಿರಲಿಲ್ಲ. ಕೆಲವೇ ದಂಡೆ, ಕೆಲವೇ ಬಸ್ಕಿಯಿಂದ ಆರಂಭಿಸಿ ಉಸ್ತಾದರು ತಿಂಗಳುಗಟ್ಟಲೆ ಏರಿಸುತ್ತ ಹೋಗುತ್ತಿದ್ದರು. ಆಯುರ್ವೇದದ ಸುಶ್ರುತ, ವಾಗ್ಭಟರು ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ವಿಧಿಸಿದ್ದಾರೆ. ಬಾಯಿಯಿಂದ ಉಸಿರು ಬಿಡಬೇಕಾಗಿ ಬಂದಾಗ ಅರ್ಧ ಬಲ ಮುಗಿಯಿತೆಂದು ಸುಶ್ರುತನ ಲೆಕ್ಕ. ಇಂದಿನ ವೈದ್ಯರ ‘ಮಾತಿನ ಪರೀಕ್ಷೆ’ಯೂ ಇದಕ್ಕೆ ಹತ್ತಿರದ್ದೇ. ನಡೆಯುತ್ತ ಮಾತಾಡಬಹುದು, ಆದರೆ ಹಾಡಲಾಗದು ಎಂಬಷ್ಟು ಏದುಸಿರಿದ್ದರೆ ಶ್ರಮ ಮಧ್ಯಮ ಪ್ರಮಾಣದ್ದು. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಾದರೆ ಅದು ತೀವ್ರ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಶಿಫಾರಸು ಮಾಡಿತು. ವಾರಕ್ಕೆ ಐದು ದಿನ ಅರ್ಧ ಗಂಟೆಯ ಚುರುಕು ನಡಿಗೆ ಇದಕ್ಕೆ ಸಾಕು. ಒಂದು ಸ್ಟೇಷನ್ ಮೊದಲೇ ಇಳಿದು ನಡೆದರೂ, ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದರೂ ಲೆಕ್ಕಕ್ಕೆ ಬರುತ್ತದೆ. ಓಡಬೇಕೆನ್ನುವವರು ಕೆಲವು ವಾರ ನಡೆದು, ಅನಂತರ ನಡಿಗೆಯ ನಡುವೆ ಒಂದೆರಡು ನಿಮಿಷದ ಓಟವನ್ನು ಸೇರಿಸುತ್ತ ಹೋಗಬೇಕು. ಜತೆಗೆ ಈ ಎಚ್ಚರಿಕೆಗಳು ಅವಶ್ಯ:

1. ಆರಂಭದಲ್ಲಿ ಹತ್ತು ನಿಮಿಷ ಮೈ ಬಿಸಿಮಾಡಿಕೊಳ್ಳಬೇಕು. ಮುಗಿಸುವಾಗ ಥಟ್ಟನೆ ನಿಲ್ಲದೆ ಐದು ಹತ್ತು ನಿಮಿಷ ನಿಧಾನವಾಗಿ ನಡೆಯಬೇಕು. ಓಟ ಮುಗಿದೊಡನೆ ನಿಂತುಬಿಟ್ಟರೆ ರಕ್ತ ಕಾಲುಗಳಲ್ಲಿ ತಂಗಿ ರಕ್ತದೊತ್ತಡ ಕುಸಿಯುತ್ತದೆ. ಉದ್ವೇಗದ ರಸಗಳಾದರೋ ಆಗ ಉಚ್ಚ ಮಟ್ಟದಲ್ಲಿರುತ್ತವೆ. ಗುರಿ ಮುಟ್ಟಿದ ಮೇಲೆ ಕುಸಿಯುವವರು ಇರುವುದು ಇದರಿಂದಲೇ.

2. ಜ್ವರ, ಮೈಕೈ ನೋವು ಇರುವಾಗ ಆಟವೂ ಬೇಡ, ವ್ಯಾಯಾಮವೂ ಬೇಡ. ಹೃದಯಸ್ನಾಯುವಿನ ಉರಿಯೂತವೆಂದು ವೈದ್ಯರು ಹೇಳಿದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ತೀವ್ರ ಶ್ರಮ ನಿಷಿದ್ಧ.

3. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಬೆವರು ಆರುವುದಿಲ್ಲ, ದೇಹ ತಂಪಾಗುವುದಿಲ್ಲ. ಬೆಳಗಿನ ಹೊತ್ತನ್ನು ಆರಿಸಿ, ನೀರು ಕುಡಿಯುತ್ತಿರಬೇಕು. ದಿಲ್ಲಿಯಲ್ಲಿ ಚಳಿಗಾಲದ ಹೊಗೆಮಂಜು ದಟ್ಟವಾಗಿರುವ ದಿನ ಹೊರಗೆ ಓಡುವ ಬದಲು ಮನೆಯೊಳಗೇ ವ್ಯಾಯಾಮ ಮಾಡುವುದು ಲೇಸು.

4. ಬೀಡಿ, ಸಿಗರೇಟು, ಗುಟ್ಕಾ ಬಿಡದೆ ವ್ಯಾಯಾಮದ ಪೂರ್ಣ ಫಲವನ್ನು ನಿರೀಕ್ಷಿಸಲಾಗದು. ಮೈಕಟ್ಟಿಗಾಗಿ ವೈದ್ಯರ ಸಲಹೆಯಿಲ್ಲದೆ ಸೇವಿಸುವ ಸ್ಟೆರಾಯ್ಡು, ಕೊಬ್ಬು ಕರಗಿಸುವ ಪುಡಿ ಮಾತ್ರೆಗಳು ಹೃದಯದ ಲಯವನ್ನೇ ಕೆಡಿಸಬಲ್ಲವು.

5. ಹೊಟ್ಟೆ ತುಂಬ ಊಟ ಮಾಡಿದ ಮೇಲೆ, ನಿದ್ದೆಗೆಟ್ಟ ಮರುದಿನ, ಪಂದ್ಯದ ಛಲದಲ್ಲಿ ಶಕ್ತಿ ಮೀರಿ ಆಡಬಾರದು.

ದೇಹವು ಕೊಡುವ ಮುನ್ಸೂಚನೆ

ಹಠಾತ್ ಮರಣವೆಂದು ಕರೆದರೂ ಅನೇಕರಲ್ಲಿ ಅದು ಅಷ್ಟು ಹಠಾತ್ತಲ್ಲ. ಹಿಂದಿನ ದಿನಗಳಲ್ಲೋ ವಾರಗಳಲ್ಲೋ ದೇಹವು ಸೂಚನೆ ಕೊಟ್ಟಿರುತ್ತದೆ. ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಬಿಗಿತ, ನಿಂತರೆ ಶಮನ. ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವ ನೋವು. ಮೊದಲು ಸಲೀಸಾಗಿದ್ದ ದಾರಿಯಲ್ಲಿ ಈಗ ಏದುಸಿರು. ಕಾರಣವಿಲ್ಲದೆ ಎದೆ ಡವಗುಟ್ಟುವುದು. ಇವು ಮುಖ್ಯ ಲಕ್ಷಣಗಳು. ಸ್ತ್ರೀಯರಲ್ಲಿ ಎದೆನೋವಿನ ಬದಲು ಅತಿಯಾದ ಆಯಾಸ, ವಾಕರಿಕೆ, ಉಸಿರುಕಟ್ಟುವಿಕೆ ಮಾತ್ರವೇ ಕಾಣಿಸಬಹುದು. ಓಡುತ್ತಿರುವಾಗಲೇ ಮೂರ್ಛೆ ಬರುವುದು ಎಲ್ಲಕ್ಕಿಂತ ಗಂಭೀರವಾದುದು. ಅಂಥ ಹುಡುಗನನ್ನು ಹೃದಯದ ಪರೀಕ್ಷೆ ಆಗುವವರೆಗೆ ಮತ್ತೆ ಆಟಕ್ಕೆ ಬಿಡಕೂಡದು.

ನಮ್ಮ ಜನರಲ್ಲಿ ಈ ಸೂಚನೆಗಳಿಗೆಲ್ಲ ಒಂದೇ ಹೆಸರು: ‘ಗ್ಯಾಸು’. ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ಮರುದಿನ ನೋಡೋಣವೆಂದು ಮಲಗುತ್ತಾರೆ. ಶ್ರಮದಿಂದ ಬಂದು ವಿಶ್ರಾಂತಿಯಿಂದ ಹೋಗುವ ತೊಂದರೆಯನ್ನು ಹೊಟ್ಟೆಯ ಲೆಕ್ಕಕ್ಕೆ ಹಾಕುವ ಮೊದಲು ಹೃದಯವನ್ನು ಪರೀಕ್ಷಿಸಬೇಕು. ನೋವು ನಿಲ್ಲದೆ ಹದಿನೈದು ನಿಮಿಷ ಮುಂದುವರಿದರೆ, ಬೆವರು ಬಂದರೆ, ಸ್ವಂತ ಗಾಡಿ ಓಡಿಸದೆ ಆಂಬುಲೆನ್ಸ್ ಕರೆಯಬೇಕು. ಊರಿನಲ್ಲಿರುವ ತಂದೆತಾಯಿಗಳಿಗೂ ಇದನ್ನು ತಿಳಿಸಿಡಬೇಕು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ‘ಹೃದಯಜ್ಯೋತಿ’ ಯೋಜನೆಯ ಉದ್ದೇಶವೂ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ ಅದರಲ್ಲಿದೆ.

ಮೂರನೆಯ ಬೇಲಿ: ಬಳಿಯಲ್ಲಿರುವವರು

ಮೊದಲೆರಡು ಬೇಲಿಗಳನ್ನು ದಾಟಿ ವಿಪತ್ತು ಬಂದೇ ಬಂದರೆ, ಪ್ರಾಣವು ಬಳಿಯಲ್ಲಿರುವವರ ಕೈಯಲ್ಲಿರುತ್ತದೆ. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಫಿನ್‌ಲೆಂಡ್ ವಿರುದ್ಧದ ಪಂದ್ಯದ ನಡುವೆ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸೆನ್ ಕುಸಿದುಬಿದ್ದ. ಕೂಡಲೇ ಎದೆಯನ್ನು ಒತ್ತಲಾಯಿತು; ವಿದ್ಯುತ್ ಆಘಾತ ಕೊಡುವ ಯಂತ್ರ ಮೈದಾನದಲ್ಲೇ ಇತ್ತು. ಅವನು ಬದುಕಿದ. ಎದೆಯಲ್ಲಿ ಒಂದು ಪುಟ್ಟ ರಕ್ಷಕ ಯಂತ್ರವನ್ನು ಅಳವಡಿಸಿಕೊಂಡು 2022ರಲ್ಲಿ ಮತ್ತೆ ಆಟಕ್ಕೆ ಮರಳಿದ. 2012ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಕುಸಿದ ಬೋಲ್ಟನ್ ತಂಡದ ಫಾಬ್ರೀಸ್ ಮುಆಂಬನ ಹೃದಯ 78 ನಿಮಿಷ ತಾನಾಗಿ ಮಿಡಿಯಲಿಲ್ಲ. ಆ ಉದ್ದಕ್ಕೂ ಎದೆ ಒತ್ತುವುದನ್ನು ಬಿಡದೆ ಮುಂದುವರಿಸಿದ್ದರಿಂದ ಅವನೂ ಬದುಕಿದ. ಪ್ರೇಕ್ಷಕರ ನಡುವೆ ಇದ್ದ ಹೃದ್ರೋಗ ತಜ್ಞರೊಬ್ಬರು ಮೈದಾನಕ್ಕೆ ಓಡಿಬಂದು ನೆರವಾಗಿದ್ದರು. ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಅಂತಿಮ ಪಂದ್ಯದಲ್ಲಿ ಗೋಲು ಹೊಡೆದು, ಗೋಲ್‌ಕೀಪರನಿಗೆ ಢಿಕ್ಕಿಯಾಗಿ ಕುಸಿದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮತ್ತೆ ಏಳಲಿಲ್ಲ.

ವಿದ್ಯುತ್ ಆಘಾತ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಂಭವ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಎದೆ ಒತ್ತುತ್ತಿದ್ದರೆ ಈ ಕುಸಿತ ನಿಧಾನವಾಗುತ್ತದೆ. ಮಹಾನಗರದ ಸಂದಣಿಯಲ್ಲಿ ಆಂಬುಲೆನ್ಸಿಗಾಗಿ ಬರಿದೇ ಕಾಯುವುದೆಂದರೆ ಪ್ರಾಣವನ್ನು ಬಿಟ್ಟುಕೊಟ್ಟಂತೆ. ಆದುದರಿಂದ ಮನೆಗೊಬ್ಬರಾದರೂ ಈ ಕ್ರಮವನ್ನು ಕಲಿತಿರಬೇಕು:

1. ಬಿದ್ದವರ ಭುಜ ತಟ್ಟಿ ಕೂಗಬೇಕು. ಪ್ರತಿಕ್ರಿಯೆ ಇಲ್ಲದಿದ್ದರೆ, ಉಸಿರಾಟ ಸಹಜವಾಗಿಲ್ಲದಿದ್ದರೆ, ಹೃದಯಸ್ತಂಭನವೆಂದೇ ತಿಳಿಯಬೇಕು. ನಡುನಡುವೆ ಗೊರಕೆಯಂತೆ ಎಳೆಯುವ ಉಸಿರು ಉಸಿರಾಟವಲ್ಲ. ಆರಂಭದಲ್ಲಿ ಕೈಕಾಲು ಅದುರಬಹುದು. ಅದನ್ನು ಮೂರ್ಛೆರೋಗವೆಂದು ಭ್ರಮಿಸಬಾರದು.

2. ಒಬ್ಬರು 112ಕ್ಕೆ ಅಥವಾ 108ಕ್ಕೆ ಫೋನ್ ಮಾಡಬೇಕು. ಇನ್ನೊಬ್ಬರು ವಿದ್ಯುತ್ ಆಘಾತದ ಯಂತ್ರ ಹತ್ತಿರದಲ್ಲಿದ್ದರೆ ತರಲು ಓಡಬೇಕು.

3. ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ ಒತ್ತಬೇಕು. ಆಳ 5ರಿಂದ 6 ಸೆಂಟಿಮೀಟರ್. ವೇಗ ನಿಮಿಷಕ್ಕೆ 100ರಿಂದ 120 ಬಾರಿ. ಪ್ರತಿ ಒತ್ತಿನ ಬಳಿಕ ಎದೆ ಪೂರ್ತಿ ಮೇಲೇಳಲು ಬಿಡಬೇಕು.

4. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ತಿಳಿಯದವರು ಒತ್ತುತ್ತಲೇ ಇದ್ದರೂ ಸಾಕು.

5. ಎ.ಇ.ಡಿ. ಎಂಬ ಆ ಯಂತ್ರ ಬಂದೊಡನೆ ಗುಂಡಿ ಒತ್ತಿ, ಅದು ಹೇಳಿದಂತೆ ಪಟ್ಟಿಗಳನ್ನು ಬರಿ ಎದೆಗೆ ಅಂಟಿಸಬೇಕು. ಅಗತ್ಯವಿದ್ದಾಗ ಮಾತ್ರ ಅದು ಆಘಾತಕ್ಕೆ ಸಿದ್ಧವಾಗುತ್ತದೆ. ಆಘಾತದ ವೇಳೆ ಯಾರೂ ರೋಗಿಯನ್ನು ಮುಟ್ಟಿಕೊಂಡಿರಬಾರದು. ಅನಂತರ ಮತ್ತೆ ಒತ್ತುವುದನ್ನು ಮುಂದುವರಿಸಬೇಕು.

ಬಾಯಿಗೆ ನೀರು ಹೊಯ್ಯುವುದು, ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ನಾಲ್ಕು ಜನ ಎತ್ತಿ ಕೂರಿಸುವುದು, ಇವೆಲ್ಲ ಅಮೂಲ್ಯ ನಿಮಿಷಗಳನ್ನು ನುಂಗುವ ಉಪಚಾರಗಳು. ‘ಒತ್ತಿದರೆ ಪಕ್ಕೆಲುಬು ಮುರಿದೀತು’ ಎಂಬ ಅಂಜಿಕೆಯೂ ಬೇಡ. ಮುರಿದ ಎಲುಬು ಕೂಡಿಕೊಳ್ಳುತ್ತದೆ. ನಿಂತ ಹೃದಯ ಕಾಯುವುದಿಲ್ಲ.

ಸಂಘಗಳು ಮಾಡಬಹುದಾದುದು

ಪ್ರತಿ ಕನ್ನಡ ಸಂಘದ ಸದಸ್ಯರಲ್ಲಿ ವೈದ್ಯರೋ ದಾದಿಯರೋ ಇದ್ದೇ ಇರುತ್ತಾರೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಸಭಾಗೃಹ ಹಿಡಿದ ದಿನ, ಭಾಷಣ ಆರಂಭವಾಗುವ ಮುನ್ನ ಒಂದು ಗಂಟೆಯನ್ನು ಎದೆ ಒತ್ತುವ ತರಬೇತಿಗೆ ಮೀಸಲಿಟ್ಟರೆ ಐವತ್ತು ಜನ ಕಲಿಯುತ್ತಾರೆ. ಒಂದೇ ಸಂಘಕ್ಕೆ ಎ.ಇ.ಡಿ. ಯಂತ್ರದ ಬೆಲೆ ಭಾರವೆನಿಸಿದರೆ ನಗರದ ನಾಲ್ಕಾರು ಸಂಘಗಳು ಕೂಡಿ ಒಂದನ್ನು ಕೊಂಡು, ಕಾರ್ಯಕ್ರಮವಿರುವ ಕಡೆ ಒಯ್ಯಬಹುದು.

ಕ್ರೀಡಾಕೂಟದ ದಿನಾಂಕವನ್ನು ಎಂಟು ವಾರ ಮೊದಲೇ ಪ್ರಕಟಿಸಿ, ‘ಇಂದಿನಿಂದ ದಿನಕ್ಕೆ ಅರ್ಧ ಗಂಟೆ ನಡೆಯಿರಿ’ ಎಂಬ ಸೂಚನೆಯನ್ನು ಆಮಂತ್ರಣದಲ್ಲೇ ಅಚ್ಚುಹಾಕಿಸಬಹುದು. ಹೆಸರು ನೋಂದಾಯಿಸುವ ಚೀಟಿಯಲ್ಲಿ ನಾಲ್ಕು ಪ್ರಶ್ನೆಗಳಿರಲಿ: ಶ್ರಮಪಟ್ಟಾಗ ಎದೆನೋವು ಬಂದುದುಂಟೇ? ಮೂರ್ಛೆ ಬಂದುದುಂಟೇ? ಹೃದಯಕ್ಕೆ ಔಷಧಿ ನಡೆದಿದೆಯೇ? ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಮರಣ ಉಂಟೇ? ಒಂದಕ್ಕೆ ‘ಹೌದು’ ಎಂದವರನ್ನು ವೈದ್ಯರ ಅನುಮತಿ ದೊರೆಯುವ ತನಕ ಹಗ್ಗ ಹಿಡಿಯಲು ಬಿಡದೆ ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸಬಹುದು. ಹಿರಿಯರ ಓಟದ ಬದಲು ವೇಗನಡಿಗೆಯ ಸ್ಪರ್ಧೆ ಇಡಬಹುದು. ಊಟ ಆಟಗಳು ಮುಗಿದ ಮೇಲಿರಲಿ. ಮೈದಾನದ ಹತ್ತಿರದ ಆಸ್ಪತ್ರೆಯ ಹೆಸರು, ದಾರಿ, ಫೋನ್ ಸಂಖ್ಯೆ ಕಾರ್ಯದರ್ಶಿಯ ಜೇಬಿನಲ್ಲಿರಲಿ. ಇಷ್ಟನ್ನು ಮಾಡಿದ ಸಂಘದ ಸದಸ್ಯರು ನಿಶ್ಚಿಂತೆಯಿಂದ ಮೈದಾನಕ್ಕೆ ಇಳಿಯಬಹುದು. ಬಹುಮಾನದೊಂದಿಗೋ ಬರಿಗೈಯಲ್ಲೋ, ಸಂಜೆ ಎಲ್ಲರೂ ಮನೆ ಸೇರುತ್ತಾರೆ.